ಗಂಜಿ ತುಳುಕದ ದಾರಿ

ಮಂಜುಗಟ್ಟಿದ ಇಳಿಜಾರಿನಲ್ಲಿ ಜಾರಿ ಬಿದ್ದ ಮೇಲೆ ಶಿಂಗ್‌ಹುವಾಳ ಅತ್ತೆ ನಾಲ್ಕು ಚಳಿಗಾಲ ತನ್ನ ಗುಂಡಿಮನೆ ಬಿಟ್ಟು ಮೇಲೆ ಬಂದಿರಲಿಲ್ಲ. ಅಂಗಳದಲ್ಲಿ ಕೋಲೂರಿಕೊಂಡು ಓಡಾಡುತ್ತಿದ್ದಳು, ಕೋಳಿಗಳನ್ನು ಬೈಯುತ್ತಿದ್ದಳು, ಸೊಸೆಯರನ್ನೂ ಬೈಯುತ್ತಿದ್ದಳು. ಆದರೆ ಎಳೆಯ ವಯಸ್ಸಿನಲ್ಲೇ ಕಟ್ಟಿ ಮುರುಟಿಸಿದ ಅವಳ ಚೋಟುದ್ದದ ಪಾದಗಳಿಗೆ ಆ ಏರು ಇನ್ನು ಆಗದ ಮಾತಾಗಿತ್ತು.

ಷಿ ಮನೆತನದ ಹೊಲದಲ್ಲಿ ಅಂಥ ಗುಂಡಿಮನೆಗಳು ಸಾಲಾಗಿ ಮೂರು. ಹಳದಿ ಮಣ್ಣಿನಲ್ಲಿ ಮೂರಾಳು ಆಳದ ಚೌಕ ಗುಂಡಿ, ಅದರ ತಳವೇ ಅಂಗಳ, ಸುತ್ತಲಿನ ಗೋಡೆ ಕೊರೆದರೆ ಕೋಣೆಗಳು. ಒಂದರಲ್ಲಿ ಅತ್ತೆ ಮತ್ತು ದೊಡ್ಡ ಮಗ ಗೆಂಗ್‌ತಿಯಾನ್, ನಡುವಿನದರಲ್ಲಿ ಶಿಂಗ್‌ಹುವಾ ಮತ್ತವಳ ಗಂಡ ಗೆಂಗ್‌ಶಾನ್, ಆಚೆಯದರಲ್ಲಿ ಕಿರಿಯ ಮಗ. ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಒಂದು ಇಳಿಜಾರು ಹತ್ತಿ ಮೇಲೆ ಬಂದು ಇನ್ನೊಂದನ್ನು ಇಳಿಯಬೇಕು.

ಆ ವರ್ಷ ಕಿರಿಯ ಸೊಸೆ ಲಾನ್‌ಯಿಂಗ್ ಮತ್ತೆ ಬಸುರಿ. ಹಿಂದೆ ಎರಡು ಕೂಸು ಹುಟ್ಟಿ, ತಿಂಗಳು ತುಂಬುವ ಮೊದಲೇ ಮಣ್ಣು ಸೇರಿದ್ದವು. ಬಾಣಂತಿಗೆ ಮೊದಲ ಗಂಜಿ ಅತ್ತೆಯ ಕೈಯಿಂದಲೇ ಆಗಬೇಕು ಎನ್ನುವುದು ಆ ಮನೆಯ ನಡಾವಳಿ. ಎರಡು ಸಲವೂ ಅದು ತಪ್ಪಿತ್ತು. ಲಾನ್‌ಯಿಂಗ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತೆಯ ಗುಂಡಿಯ ಕಡೆ ನೋಡುತ್ತಿದ್ದಳು.

"ಬೆನ್ ಮೇಲೆ ಹೊತ್ಕೊಂಡು ಹೋಗ್ತೀನಿ ಬಾರಮ್ಮ," ಎಂದ ಗೆಂಗ್‌ತಿಯಾನ್.

"ಈ ಇಳಿಜಾರಲ್ಲಿ ಮದುವಣಗಿತ್ತಿಯಾಗಿ ನಡ್ಕೊಂಡು ಇಳಿದೋಳು ನಾನು. ಇಲ್ಲಿಂದ ನನ್ನ ಹೊತ್ಕೊಂಡು ಹತ್ತೋದು ಒಂದೇ ಸಲ. ಅವತ್ತು ನೀನು ಕರೀದೇ ಇದ್ರೂ ಬರ್ತೀನಿ, ಸುಮ್ನಿರು," ಎಂದಳು ಮುದುಕಿ.

ತನ್ನ ಮನೆಯಲ್ಲಿ ಹಿಟ್ಟು ನಾದುತ್ತಿದ್ದ ಶಿಂಗ್‌ಹುವಾ ಆ ಮಾತು ಕೇಳಿ ಹಾಗೇ ಕೈ ನಿಲ್ಲಿಸಿದಳು. ತಾನು ಮೊದಲ ಸಲ ಬಾಣಂತಿಯಾಗಿದ್ದಾಗಿನದು ಅವಳಿಗೆ ನೆನಪಿಗೆ ಬಂತು. ತವರಿಲ್ಲದ ಹುಡುಗಿ ಅವಳು. ಮೂವತ್ತು ದಿನ, ದಿನಕ್ಕೆ ಮೂರು ಹೊತ್ತು, ಈ ಮುದುಕಿ ಅದೇ ಚೋಟುದ್ದದ ಪಾದಗಳಲ್ಲಿ ಎರಡು ಇಳಿಜಾರು ದಾಟಿ ನವಣೆ ಗಂಜಿ ತಂದಿದ್ದಳು. ಬಟ್ಟಲು ಬರುವಷ್ಟರಲ್ಲಿ ಅರ್ಧ ಖಾಲಿ, ಅತ್ತೆಯ ತೋಳೆಲ್ಲ ಒದ್ದೆ. "ದಾರೀಲಿ ನಾನೇ ಕುಡಿದ್ಬಿಟ್ಟೆ ಕಣೆ, ಹಸಿವಾಗಿತ್ತು," ಎನ್ನುತ್ತಿದ್ದಳು. ಸುಟ್ಟ ಮಣಿಕಟ್ಟಿನ ಕೆಂಪು ಶಿಂಗ್‌ಹುವಾಳಿಗೆ ಕಾಣದೆ ಇರಲಿಲ್ಲ.

ನಾದಿದ ಹಿಟ್ಟನ್ನು ತಟ್ಟಿ, ಅದಕ್ಕೆ ಮೂರು ಬಟ್ಟಲು ಒತ್ತಿದಳು. ಮೂರು ಗುಂಡಿಗಳಾದವು. ಒಂದರಿಂದ ಇನ್ನೊಂದಕ್ಕೆ ಊಟದ ಕಡ್ಡಿ ಚುಚ್ಚಿದಳು.

"ತಿನ್ನೋ ಹಿಟ್ಟಲ್ಲಿ ಇದೇನೇ ಆಟ?" ಎಂದ ಗೆಂಗ್‌ಶಾನ್.

"ಆಟ ಅಲ್ಲ. ಅಡಿಯಿಂದಲೇ ದಾರಿ. ಕಣದ ಕೆಳಗೆ ಬೇಡ, ರೋಣಗಲ್ಲು ಉರುಳೋ ಜಾಗ, ಕುಸಿದೀತು. ಗೆಣಸಿನ ಹಗೇವನ್ನೂ ಬಿಟ್ಟು ಹೀಗೆ ಹೋದ್ರೆ ಮೂವತ್ತು ಹೆಜ್ಜೆ."

ಗೆಂಗ್‌ತಿಯಾನ್ ಆ ಸುತ್ತಿಗೆಲ್ಲ ಗುಂಡಿ ತೋಡುವ ಮೇಸ್ತ್ರಿ. ಅವನು ಬಂದು ಹಿಟ್ಟನ್ನು ಎಲ್ಲ ಕಡೆಯಿಂದ ನೋಡಿದ. "ಮೂವತ್ತು ವರ್ಷ ಮಣ್ಣು ಅಗೆದೆ, ಇದು ಹೊಳೀಲಿಲ್ಲವಲ್ಲಮ್ಮ ನಂಗೆ," ಎಂದ. ಅಷ್ಟು ದೊಡ್ಡ ಮನಸ್ಸು ಅವನದು.

ಹೊಲದ ಕೆಲಸವಿಲ್ಲದ ದಿನಗಳಲ್ಲಿ ಅಗೆತ ಶುರುವಾಯಿತು. ನಡುವಿನ ಮನೆಯಿಂದ ಕಿರಿಯವನ ಮನೆಗೆ ಹೊಸ ವರ್ಷದ ಹೊತ್ತಿಗೇ ದಾರಿಯಾಯಿತು. ಅತ್ತೆಯ ಕಡೆಯದನ್ನು ಎರಡೂ ತುದಿಯಿಂದ ಅಗೆದರು. ಗೆಂಗ್‌ತಿಯಾನ್ ಎರಡು ಗುಂಡಿಗೂ ಅಂಚಿನಿಂದ ಹಗ್ಗ ಇಳಿಬಿಟ್ಟು ನೋಡಿದ್ದ, ಅಳತೆ ಒಂದೇ. ಅಲ್ಲಿ ಯಾರೇ ಆಗಲಿ ಆಳ ಅಳೆಯುವುದು ಅಂಚಿನಿಂದಲೇ.

ಒಂದು ಬೆಳಗ್ಗೆ ಗಂಡನ ಜೊತೆ ತನ್ನ ತುದಿಯಲ್ಲಿ ಅಗೆಯುತ್ತಿದ್ದ ಶಿಂಗ್‌ಹುವಾಳಿಗೆ ಮಣ್ಣಿನಾಚೆಯಿಂದ ಗುದ್ದಲಿಯ ಸದ್ದು ಕೇಳಿಸಿತು. ಸದ್ದು ಬಂದದ್ದು ಮಾತ್ರ ಎದುರಿನಿಂದಲ್ಲ, ಕಾಲಡಿಯಿಂದ. ಮಣ್ಣು ಕುಸಿದಾಗ ನೋಡಿದರೆ ಗೆಂಗ್‌ತಿಯಾನ್‌ನ ತಲೆ ಶಿಂಗ್‌ಹುವಾಳ ಸೊಂಟದ ಹತ್ತಿರವಿತ್ತು. ಅವನ ಕಡೆಯ ನೆಲ ಅಷ್ಟು ತಗ್ಗು.

"ಹಗ್ಗ ಸುಳ್ಳು ಹೇಳ್ತಾ?" ಎಂದ ಅವನು, ಮೀಸೆಯ ಮಣ್ಣು ಒರೆಸಿಕೊಳ್ಳುತ್ತ.

ಶಿಂಗ್‌ಹುವಾ ಹಣೆ ಬಡಿದುಕೊಂಡಳು. ಪ್ರತಿ ಮಳೆಯಾದ ಮೇಲೂ ಮೇಲಿನ ನೆಲ ಗಟ್ಟಿಯಾಗಲೆಂದು ರೋಣಗಲ್ಲು ಉರುಳಿಸಿದವಳು ಅವಳೇ. ನೀರು ಯಾವಾಗಲೂ ತನ್ನ ಅಂಚಿನಿಂದ ಭಾವನ ಅಂಚಿನ ಕಡೆಗೇ ಹರಿಯುತ್ತಿತ್ತು. ಇಪ್ಪತ್ತು ವರ್ಷ ನೋಡಿಯೂ ಅವಳಿಗೆ ತೋಚಿರಲಿಲ್ಲ. ಆಳ ಒಂದೇ ಇದ್ದರೂ ಅಂಚೇ ತಗ್ಗಿದ್ದರೆ ತಳವೂ ತಗ್ಗೇ.

"ನಾಲ್ಕು ಮೆಟ್ಟಿಲು ಕೆತ್ತಿದ್ರಾಯ್ತು," ಎಂದ ಗೆಂಗ್‌ಶಾನ್.

"ಮೆಟ್ಟಿಲು ಹತ್ತೋ ಹಾಗಿದ್ರೆ ಅತ್ತೆಗೆ ಇದೆಲ್ಲ ಯಾಕ್ರೀ ಬೇಕಿತ್ತು?"

ಲಾನ್‌ಯಿಂಗ್‌ಗೆ ದಿನ ತುಂಬಿತ್ತು. ಶಿಂಗ್‌ಹುವಾ ನಿಂತಲ್ಲೇ ಲೆಕ್ಕ ಹಾಕಿದಳು. ತನ್ನ ಬಾಗಿಲಿನಿಂದಲೇ ನೆಲವನ್ನು ಸ್ವಲ್ಪಸ್ವಲ್ಪವೇ ಕೆರೆಯುತ್ತ ಬರುವುದು, ಕೆರೆದ ಮಣ್ಣನ್ನು ಭಾವನ ಕಡೆ ಹಾಕಿ ಗುದ್ದುವುದು, ಅಲ್ಲಿ ತಲೆ ತಾಗುವ ಕಡೆ ಮೇಲಕ್ಕೆ ಕೆತ್ತುವುದು. ಹೀಗಾದರೆ ಹೆಚ್ಚಿನ ಮಣ್ಣನ್ನು ಮೇಲಕ್ಕೆ ಹೊರಬೇಕಿಲ್ಲ. ಏಳು ದಿನ ಮೂವರೂ ಬಗ್ಗಿದ ಬೆನ್ನು ಎತ್ತಲಿಲ್ಲ. ಸಂಜೆ ಕೆಲಸ ನಿಂತ ಮೇಲೆ ಶಿಂಗ್‌ಹುವಾ ಬಟ್ಟಲಿನ ತುಂಬ ನೀರು ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ನೀರು ತುಳುಕಿದ ಜಾಗದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ಮರುದಿನ ಅಲ್ಲಿ ಮತ್ತೆ ಕೆರೆತ.

ಎಂಟನೆಯ ದಿನ ಬೆಳಗ್ಗೆ ಕಿರಿಯವನು ಓಡಿಬಂದ. "ಅತ್ತಿಗೆ, ನೋವು ಶುರುವಾಯ್ತು!" ಇನ್ನೂ ಎರಡು ಗೆರೆ ಉಳಿದಿದ್ದವು. ಗಂಡಸರಿಬ್ಬರೂ ಒಂದೊಂದಕ್ಕೆ ಗುದ್ದಲಿ ಹಾಕಿದರು, ಶಿಂಗ್‌ಹುವಾ ಲಾನ್‌ಯಿಂಗ್‌ಳ ಕೋಣೆಗೆ ನಡೆದಳು. ಮಧ್ಯಾಹ್ನ ಹೆಣ್ಣುಕೂಸು ಹುಟ್ಟಿತು, ಗಂಟಲು ಹರಿಯುವಂತೆ ಕೂಗಿತು. ಆ ಕೂಗು ಹೊಸ ದಾರಿಯುದ್ದಕ್ಕೂ ಹರಿದು ಅತ್ತೆಯ ಅಂಗಳಕ್ಕೇ ಮುಟ್ಟಿತಂತೆ.

ಮುದುಕಿ ಕೋಲು ಗೋಡೆಗೊರಗಿಸಿಟ್ಟು ಬಟ್ಟಲು ಎತ್ತಿಕೊಂಡಳು. ಗೆಂಗ್‌ತಿಯಾನ್ ಕೈ ಚಾಚಿದರೆ, "ದೂರ ಸರಿಯೋ, ದಾರಿ ಬಿಡು," ಎಂದು ಗದರಿದಳು. ಅವನು ದೀಪ ಹಿಡಿದು ಹಿಮ್ಮುಖವಾಗಿ ನಡೆದ. ಎರಡು ಗುದ್ದಲಿಗಳ ಗುರುತು ಕೂಡಿದಲ್ಲಿ ಅವಳು ಒಂದು ಕ್ಷಣ ನಿಂತು ಗೋಡೆಗೆ ಭುಜ ತಾಗಿಸಿದಳಂತೆ, ಹುಷಾರಾಗಿ, ಮಲಗಿದ ಮಗುವಿಗೆ ತಾಗಿಸಿದ ಹಾಗೆ. ಆಮೇಲೆ ಶಿಂಗ್‌ಹುವಾಳ ಅಂಗಳ ದಾಟಿ, ಎರಡನೆಯ ದಾರಿಯನ್ನೂ ದಾಟಿ, ಲಾನ್‌ಯಿಂಗ್‌ಳ ಕೋಣೆಯ ಬಾಗಿಲಲ್ಲಿ ನಿಂತಳು.

ಲಾನ್‌ಯಿಂಗ್ ಅತ್ತೆಯ ಮುಖ ನೋಡಿ ಅಳತೊಡಗಿದಳು. ಶಿಂಗ್‌ಹುವಾ ನೋಡಿದ್ದು ಮಾತ್ರ ಅತ್ತೆಯ ತೋಳನ್ನು. ಒಣಗಿತ್ತು. ಬಟ್ಟಲಿನಲ್ಲಿ ಗಂಜಿ ಅಂಚಿನವರೆಗೂ ಇತ್ತು, ಮೇಲೆ ಕೆನೆ ಕಟ್ಟಿತ್ತು.

ಮುದುಕಿ ಶಿಂಗ್‌ಹುವಾಳ ಕಡೆ ತಿರುಗಿದಳು. "ಈ ಸಲ ದಾರೀಲಿ ಕುಡೀಲಿಲ್ಲ ಕಣೆ, ಹುಡುಗಿ," ಎಂದಳು.