ಬೈಲಿಗೆ ಇಳಿಯದ ಯಂತ್ರ

ಬ್ರಹ್ಮಾವರದ ಕೃಷಿಮೇಳಕ್ಕೆ ಇಷ್ಟು ವರ್ಷ ನಾನು ಹೋದದ್ದೆಲ್ಲ ಪತ್ರಿಕೆಯ ವರದಿಗಾಗಿ. ವೇದಿಕೆಯ ಭಾಷಣ ಮುಗಿದರೆ ನನ್ನ ಪಾಲಿನ ಮೇಳವೂ ಮುಗಿಯುತ್ತಿತ್ತು. ಈ ಸಲ ಬಸ್ರೂರಿನ ಅಕ್ಕನ ಜೊತೆ ಬರೀ ನೋಡಲೆಂದು ಹೋದೆ.

ಅಕ್ಕನಿಗೆ ಬೇಕಾದದ್ದು ಒಂದೇ. ಹೊಳೆ ಬದಿಯ ಅವಳ ಗದ್ದೆಯಲ್ಲಿ ಭತ್ತ ಹಣ್ಣಾಗಿ ನಿಂತಿತ್ತು, ಕೆಳಗೆ ಮೊಣಕಾಲುದ್ದ ಕೆಸರು. ಕಳೆದ ವರ್ಷ ಕೊಯ್ಲಿಗೆ ಬಂದ ಯಂತ್ರ ಅಲ್ಲಿ ಹೂತುಹೋಗಿ, ಅದನ್ನು ಎಳೆಯಲು ಬಂದದ್ದೂ ಹೂತಿತ್ತು. ಈಗ ಯಂತ್ರದವರು ಅವಳ ಫೋನು ಎತ್ತುವುದಿಲ್ಲ. ಕೆಸರಿಗಿಳಿಯುವ ಯಂತ್ರ ಸಿಗದಿದ್ದರೆ ಗದ್ದೆಯನ್ನು ಇನ್ನು ಬೆಳೆಯಿಲ್ಲದೆ ಹಡಿಲು ಬಿಡುವುದೇ ಎಂದು ಮನೆಯವರು ತೀರ್ಮಾನಿಸಿದ್ದರು. ಅಕ್ಕ ಒಬ್ಬಳು ಒಪ್ಪಿರಲಿಲ್ಲ.

ಒಳಗೆ ಹೋದರೆ ಮೊದಲು ಸಿಕ್ಕಿದ್ದು ಸೋಫಾ, ಆಮೇಲೆ ಹಾಸಿಗೆ, ಆಮೇಲೆ ಕಾಲು ಒತ್ತುವ ಯಂತ್ರ. ಕೂತು ನೋಡಿ ಎಂದು ಅದರವನು ಅಕ್ಕನ ಬೆನ್ನು ಬಿಡಲಿಲ್ಲ. ಧ್ವನಿವರ್ಧಕ ಯಾರದೋ ಕಾರಿನ ನಂಬರನ್ನು ಕೂಗುತ್ತಲೇ ಇತ್ತು. ಕೃಷಿ ಯಂತ್ರಗಳೆಲ್ಲಿ ಎಂದು ಸ್ವಯಂಸೇವಕರನ್ನು ಕೇಳಿದೆ. ಅವರು ಊಟದ ಚಪ್ಪರ ತೋರಿಸಿದರು.

ಯಂತ್ರಗಳು ಆ ಚಪ್ಪರದ ಹಿಂದಿದ್ದವು. ಕೆಂಪು ಬಣ್ಣದ ಪುಟ್ಟ ಕೊಯ್ಲು ಯಂತ್ರದ ಪಕ್ಕದಲ್ಲಿ ಘಟ್ಟದ ಮೇಲಿನ ಯುವಕನೊಬ್ಬ ನಿಂತಿದ್ದ.

"ಹ್ವಾಯ್, ನಮ್ದ್ ಬೈಲ್ ಗದ್ದಿ. ಇದ್ ಹೋತ್ತಾ?" ಅಕ್ಕ ಕೇಳಿದಳು.

"ಬಯಲಾ? ಬಯಲಲ್ಲಾದ್ರೆ ನೀರು ಕುಡಿದಷ್ಟು ಸಲೀಸು, ಅಮ್ಮ."

ಬಾಡಿಗೆಗೆ ಮುಂದಿನ ವಾರವೇ ಕಳಿಸುತ್ತೇನೆಂದೂ ಹೇಳಿದ. ಅಕ್ಕನ ಮುಖ ಅರಳಿತು. ಅಷ್ಟು ಬೇಗ ಕೆಲಸವಾದದ್ದೇ ನನಗೆ ಅನುಮಾನ ತಂದಿತು. ಕೆಸರು ಎಷ್ಟಿದ್ದರೂ ನಡೆಯುತ್ತದೆಯೇ ಎಂದು ಕೇಳಿದೆ. ಬಯಲಲ್ಲಿ ಕೆಸರೆಲ್ಲಿಂದ ಬಂತು ಸರ್ ಎಂದು ಅವನು ನನ್ನನ್ನೇ ಕೇಳಿದ.

ಅವನ ಊರಲ್ಲಿ ಬಯಲೆಂದರೆ ಮರವಿಲ್ಲದ, ಒಣಗಿದ, ತೆರೆದ ನೆಲ. ನಮ್ಮಲ್ಲಿ ಬೈಲೆಂದರೆ ಎಲ್ಲಕ್ಕಿಂತ ತಗ್ಗಿನ, ನೀರಾರದ ಗದ್ದೆ. ಇಬ್ಬರೂ ಕನ್ನಡವನ್ನೇ ಆಡಿದ್ದರು.

"ಬೈಲಂದ್ರೆ ಬೈಲ್ ಮರಾಯ್ರೆ. ಕಾಲಿಟ್ರೆ ಹೂತ್ ಹೋತ್ತ್," ಎಂದಳು ಅಕ್ಕ.

"ಹಾಗಾದ್ರೆ ಇದು ಆಗಲ್ಲ ಅಮ್ಮ. ಗಟ್ಟಿ ನೆಲ ಬೇಕು."

"ಗಟ್ಟಿ ನೆಲ ಆರೆ ನಾ ಇಲ್ಲಿಗ್ ಎಂತಕ್ ಬತ್ತಿದ್ದೆ?"

ಅವನು ಪಾಪ, ಕಂಪನಿ ಕಳಿಸಿದಲ್ಲಿಗೆ ಬಂದವನು. ಉಳಿದ ಮಳಿಗೆಗಳಲ್ಲೂ ವಿಚಾರಿಸಿದೆವು. ಒಬ್ಬರು ಬಣ್ಣದ ಕಾಗದ ಕೊಟ್ಟರು, ಇನ್ನೊಬ್ಬರು ಮುಂದಿನ ಮೇಳಕ್ಕೆ ಬನ್ನಿ ಎಂದರು. ಕೊನೆಗೆ ಅಕ್ಕ, ಭತ್ತ ಕೊಯ್ಯುವ ಕತ್ತಿಯಾದರೂ ಇದೆಯೇ ಎಂದು ಹುಡುಕಿದಳು. ಇಡೀ ಮೇಳದಲ್ಲಿ ಕತ್ತಿ ಇದ್ದದ್ದು ಒಂದೇ ಕಡೆ: ವಾರ್ನಿಶ್ ಹಚ್ಚಿ, ಗೋಡೆಗೆ ತೂಗುಹಾಕಲು ಸರಪಳಿ ಕಟ್ಟಿದ್ದರು. ಅಲಗಿಗೆ ಹರಿತವೇ ಇರಲಿಲ್ಲ.

ವಾಪಸು ಬರುವಾಗ ಬಸ್ಸು ಕೋಟ ದಾಟಿದ ಮೇಲೆ ಅಕ್ಕ ಮನೆಗೆ ಫೋನು ಮಾಡಿದಳು. "ನಾಡ್ದಿಗ್ ಕೊಯ್ಲ್. ಕೈಯಲ್ಲೇ. ಮನೆಯಲ್ಲಿಪ್ಪರೆಲ್ಲ ಗದ್ದಿಗ್ ಬರ್ಕ್. ಹಡಿಲಿನ ಮಾತ್ ಆಮೇಲ್ ಕಾಂಬ."

ಫೋನು ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿ, ನಿನಗೆ ರಜೆ ಇದೆಯಲ್ಲ ಎಂದು ಕೇಳಿದಳು.

ಇತ್ತು. ಮೇಳವನ್ನು ಈ ಬಾರಿಯಾದರೂ ಸರಿಯಾಗಿ ನೋಡಬೇಕೆಂದು ವಾರವಿಡೀ ಹಾಕಿದ್ದೆ.