ತೊಳೆದ ಬಟ್ಟಲು

ಅವಳ ಬೆರಳ ತುದಿಗಳು ಬಿಸಿನೀರಿನಲ್ಲಿ ನೆನೆದು ನೆನೆದು ಸದಾ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿದ್ದವು. ಉಗುರನ್ನು ಮಾಂಸದವರೆಗೆ ಕತ್ತರಿಸುತ್ತಿದ್ದಳು. ಸವಣೂರಿನ ವೀಳ್ಯದೆಲೆಯೆಂದರೆ ಪ್ರಾಣ, ಆದರೆ ಬಾಣಂತಿ ಕೋಣೆಗೆ ಬಾಯಿ ಮುಕ್ಕಳಿಸಿಯೇ ಬರುವಳು. ಹಾನಗಲ್ಲಿನವರೆಲ್ಲ ನರ್ಸಬಾಯಿ ಎನ್ನುತ್ತಿದ್ದರು, ನಾನು ಅಕ್ಕಾ ಎನ್ನುತ್ತಿದ್ದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹುಬ್ಬಳ್ಳಿಗೆ ಹೋಗಿ ಹೆರಿಗೆ ಕೆಲಸ ಕಲಿತು ಬಂದವಳು.

ನನ್ನ ಹಿರಿಯ ಮಗ ಕಾಲು ಮುಂದಾಗಿ ಬಂದ. ಮನೆಯವರೆಲ್ಲ ದೇವರ ಮೇಲೆ ಭಾರ ಹಾಕಿ ಹೊರಗೆ ಕುಳಿತಾಗ ನಮ್ಮಿಬ್ಬರನ್ನೂ ಉಳಿಸಿದ್ದು ಅವಳ ಕೈ. ಆಮೇಲೆ ದಿನಾ ಬರುತ್ತಿದ್ದಳು. ನನಗೆ ಔಷಧಿ ಕುಡಿಸಿದ ಕೂಡಲೇ ಎದ್ದು ಹೋಗಿ ಬಟ್ಟಲು ತೊಳೆದು, ಕುದಿಯುವ ನೀರಿನಲ್ಲಿ ಅದ್ದುವಳು. "ಒಂದ ಗಳಿಗಿ ಕುಂಡ್ರಬಾರದೇನಕ್ಕಾ, ಬಟ್ಟಲೇನ ಓಡಿ ಹೊಕ್ಕೈತೇನು?" ಎಂದು ನಾನು ನಕ್ಕರೆ, "ಬಟ್ಟಲ ಓಡಂಗಿಲ್ಲ ತಂಗಿ, ಅದರಾಗಿನ ಹೊಲಸ ಓಡತೈತಿ. ಸುಮ್ನ ಮಲಕೋ" ಎಂದು ಗದರುವಳು.

ಬಟ್ಟಲು ತೊಳೆಯುವ ಆ ರೂಢಿಯೇ ಮುಂದೆ ಅವಳ ಕೊರಳಿಗೆ ಬಂತು.

ನಮ್ಮೂರ ಇನಾಮದಾರರ ಸೊಸೆ ಹೆತ್ತ ಮೂರನೆಯ ದಿನ, ಮಧ್ಯಾಹ್ನದ ಔಷಧಿಯಾದ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡು, ಸಂಜೆಯೊಳಗೆ ತೀರಿಕೊಂಡಳು. ಹೆಣ ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ವಿಷ ಸಿಕ್ಕಿತು. ಗಾಯ ತೊಳೆಯಲೆಂದು ನರ್ಸು ತಂದಿಟ್ಟಿದ್ದ ಔಷಧಿಯೇ ಅದು. ಕುಡಿಸಿದ್ದನ್ನು ಕಂಡವರು ಯಾರೂ ಇಲ್ಲ. ಆದರೆ ಶೀಶೆ ಅವಳದು. ಪೊಲೀಸರು ಬರುವ ಹೊತ್ತಿಗೆ ಬಟ್ಟಲನ್ನು ತೊಳೆದಿಟ್ಟವಳೂ ಅವಳೇ. ಬೇರೆ ಯಾರೂ ಆ ಕೋಣೆಗೆ ಹೋಗಿಲ್ಲ ಎಂದು ಮನೆಮಂದಿಯೆಲ್ಲ ಹೇಳಿದರು. ಸತ್ತವಳ ಗಂಡನೊಂದಿಗೆ ಇವಳು ನಗುತ್ತ ಮಾತಾಡಿದ್ದನ್ನು ಕಂಡವರಿದ್ದರು. ವಿಧವೆ ನಕ್ಕರೆ ಸಾಕಲ್ಲ ನಮ್ಮೂರಿಗೆ! ಹೆಂಡತಿಯನ್ನು ಮುಗಿಸಿ ಆ ಜಾಗಕ್ಕೆ ಬರುವ ಹಂಚಿಕೆ ಎಂದು ಶಿಗ್ಗಾವಿ, ಹಿರೇಕೆರೂರಿನವರೆಗೂ ಮಾತು ಹಬ್ಬಿತು.

ಅವಳ ಮೇಲೆ ಕೊಲೆಯ ಕೇಸಾಯಿತು. ನಾನು ಅವಳ ಪರವಾಗಿ ಧಾರವಾಡದ ಕೋರ್ಟಿಗೆ ಸಾಕ್ಷಿ ಹೇಳಲು ಹೊರಟಾಗ ನಮ್ಮ ಮಾವ, "ಮನೀ ಸೊಸಿ ಕಟಕಟಿಯೊಳಗ ನಿಂದರೂದೇನು?" ಎಂದು ಕೂಗಾಡಿದರು. "ನಿಮ್ಮ ಮೊಮ್ಮಗನ್ನ ಆಕಿ ಉಳಿಸ್ಯಾಳ್ರಿ. ಆಕೀನ ನಾ ಉಳಸಬ್ಯಾಡೇನು?" ಎಂದೆ.

ನನಗಿಂತ ಮೊದಲು ಇನಾಮದಾರರ ವಿಧವೆ ಅಕ್ಕ ಸಾಕ್ಷಿ ಹೇಳಿದರು. "ನಾ ಕೊಟ್ಟ ಹೆಣ್ಣು, ನನಗ ಪುರುಡಿಲ್ಲರಿ, ಮಡಿಯೊಳಗಿದ್ದೆ. ನೈವೇದ್ಯದ ಅಡಿಗಿ ಮಾಡ್ಲಿಕ್ಕತ್ತಿದ್ದೆ. ಬಾಣಂತಿ ಕೋಣಿಗೆ ಹ್ಯಾಂಗ ಕಾಲಿಡ್ಲಿ?" ಬಾಣಂತಿಯನ್ನು ಮುಟ್ಟಿದರೆ ಮಡಿ ಹೋಯಿತು, ಮಾಡಿದ ಅಡಿಗೆಯನ್ನೆಲ್ಲ ಚೆಲ್ಲಬೇಕು. ಅಂಥವರು ಹೋಗಿರುತ್ತಾರೆಯೇ? ಅಲ್ಲಿದ್ದ ಹಾನಗಲ್ಲಿನವರೆಲ್ಲ ತಲೆದೂಗಿದರು. ನಾನೂ ನಂಬಿದೆ.

ಬಟ್ಟಲು ತೊಳೆಯುವುದು ಅವಳ ರೂಢಿ ಎಂದು ನಾನು ಹೇಳಿದೆ. ಸರಕಾರಿ ವಕೀಲರು ಗುಡುಗಿದರು. "ನಿನ್ನ ಮನಿಯೊಳಗ ರೂಢಿ. ಅಲ್ಲಿ ವಿಷ ಮುಚ್ಚಾಕ ತೊಳದಿಲ್ಲ ಅಂತ ನೀ ಹೆಂಗ ಹೇಳ್ತಿ?"

"ಹೇಳಾಕ ಬರಂಗಿಲ್ರಿ. ಆಕಿ ತೊಳೀದ ಬಿಟ್ಟ ಬಟ್ಟಲ ಮಾತ್ರ ನಾ ಒಂದ ದಿನಾನೂ ಕಂಡಿಲ್ಲ."

ಶೀಶೆ ಅವಳದಾದರೂ ಯಾರ ಕೈಗೂ ಸಿಗುವಂತೆ ಕೋಣೆಯಲ್ಲಿಯೇ ಇತ್ತು, ತೊಳೆದದ್ದು ಬರೀ ರೂಢಿಯಿರಬಹುದು, ನಗು ಕೊಲೆಯ ಗುರುತಲ್ಲ ಎಂದರು ನ್ಯಾಯಾಧೀಶರು. ಎಲ್ಲವನ್ನೂ ಕೂಡಿಸಿ ನೋಡಿದರೂ ಇವಳ ಹೊರತು ಇನ್ನಾರೂ ಕುಡಿಸಿರಲಾರರು ಎನ್ನಲು ಬರುವುದಿಲ್ಲ ಎಂದು ಬಿಟ್ಟುಬಿಟ್ಟರು.

ಊರಿಗೆ ಹೊಳ್ಳಿ ಬರುವಾಗ ಚಕ್ಕಡಿಯಲ್ಲಿ ಕೇಳಿದೆ. "ಮತ್ತ ಯಾರ ಕುಡಿಸ್ಯಾರಕ್ಕಾ?"

ಆಗ ಹೇಳಿದಳು. ಔಷಧಿ ಕೊಟ್ಟು, ಬಟ್ಟಲು ತೊಳೆದಿಟ್ಟು, ನೀರು ಕಾಯಿಸಲು ಹಿತ್ತಲಿಗೆ ಹೋಗಿದ್ದಳಂತೆ. ತಿರುಗಿ ಬಂದಾಗ ಬಟ್ಟಲು ಮತ್ತೆ ಎಂಜಲಾಗಿತ್ತು. ಕೈ ರೂಢಿಯಂತೆ ಅದನ್ನು ತೊಳೆದುಬಿಟ್ಟಿತು. ಹೊಸ್ತಿಲಲ್ಲಿ ಒದ್ದೆ ಹೆಜ್ಜೆಗಳಿದ್ದವು. ಆ ಮನೆಯಲ್ಲಿ ಆ ಹೊತ್ತಿಗೆ ಮಡಿಯ ಒದ್ದೆ ಸೀರೆಯಲ್ಲಿ ಓಡಾಡುವವರು ಒಬ್ಬರೇ. ಸೊಸೆ ನರಳುವುದನ್ನು ಕೇಳಿ, ಕರುಳು ತಡೆಯದೆ ಒಳಗೆ ಹೋಗಿ, ಔಷಧಿಯೆಂದೇ ಕೈಗೆ ಸಿಕ್ಕ ಶೀಶೆಯದನ್ನು ಕುಡಿಸಿ, ಮಡಿ ಕೆಟ್ಟದ್ದು ತಿಳಿಯಬಾರದೆಂದು ಬಾಯಿ ಮುಚ್ಚಿಕೊಂಡರೇ?

ನನಗೆ ಮೈಯೆಲ್ಲ ಉರಿಯಿತು. "ವಕೀಲರ ಮುಂದ ಯಾಕ ಹೇಳಲಿಲ್ಲ? ನೇಣಿಗೆ ಹಾಕ್ತಿದ್ರಲ್ಲ ನಿನ್ನ!"

"ಹೆಜ್ಜಿ ಕಂಡೇನಿ, ಆಕೀನ ಕಂಡಿಲ್ಲ. ಏನೂ ಕಾಣದ ಮಂದಿ ನನ್ನ ಕೊರಳಿಗೆ ಹಗ್ಗ ತಂದ್ರು. ಅದ ಹಗ್ಗ ನಾ ಒಬ್ಬ ಮುದುಕಿ ಕೊರಳಿಗೆ ಹಾಕ್ಲೇನು?"

ಕೋರ್ಟು ಬಿಟ್ಟರೂ ಊರು ಬಿಡಲಿಲ್ಲ. ಹಾನಗಲ್ಲಿನಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ದೂರದ ಹಳ್ಳಿಗಳ ಬಡವರು ಬೇರೆ ಗತಿಯಿಲ್ಲದೆ ಕರೆದರೆ ನಡೆದುಕೊಂಡು ಹೋಗುವಳು. ಅಲ್ಲಿಯೂ ಎಲ್ಲರೆದುರು ಮೊದಲು ತಾನೊಂದು ಗುಟುಕು ಕುಡಿದು, ಆಮೇಲೆ ಔಷಧಿ ಕೊಡುವಳು. "ಇದೆಂಥಾ ನಾಟಕ ಅಕ್ಕಾ?" ಎಂದು ನಾನು ಸಿಟ್ಟಾದೆ. "ನಾಟಕ ಅಲ್ಲ ತಂಗಿ, ಸಾಕ್ಷಿ" ಎಂದಳು. ಆವತ್ತು ನನ್ನೂರಿಗೆ ನಾನೇ ಶಾಪ ಹಾಕಿದೆ.

ಸ್ವಾತಂತ್ರ್ಯ ಬಂದ ವರ್ಷ ಜ್ವರ ಹಿಡಿದು ಮಲಗಿದವಳು ಮೇಲೇಳಲಿಲ್ಲ. ನಮ್ಮ ಮನೆಗೆ ಕರೆತಂದೆ. ಮಾವ ತೀರಿಕೊಂಡಿದ್ದರು, ತಡೆಯುವವರಿರಲಿಲ್ಲ. ಕೊನೆಯ ದಿನ ಔಷಧಿಯ ಬಟ್ಟಲನ್ನು ತುಟಿಗೆ ಹಿಡಿದಾಗ ಕಣ್ಣು ತೆರೆದು ನಕ್ಕಳು. "ಮೊದ್ಲ ನೀ ಒಂದ ಗುಟುಕ ಕುಡಿ ತಂಗಿ. ನಿನ್ನ ಮ್ಯಾಲೂ ಕೇಸ ಹಾಕ್ಯಾರು."

ಕುಡಿದೆ. ಆಮೇಲೆ ಅವಳೂ ಕುಡಿದಳು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಅಳುತ್ತಲೇ ಬಟ್ಟಲು ತೆಗೆದುಕೊಂಡು ಬಚ್ಚಲಿಗೆ ಹೋದೆ, ಅವಳಿಂದ ಕಲಿತ ರೂಢಿ. ನೀರಿಗೆ ಅದ್ದಬೇಕು ಎನ್ನುವಷ್ಟರಲ್ಲಿ ಕೈ ನಿಂತಿತು. ನಾಲ್ಕು ಮಂದಿ ಬಂದು ನೋಡುವವರೆಗೆ ಅದನ್ನು ತೊಳೆಯದೆ ಅವಳ ತಲೆಯ ಬಳಿ ಇಟ್ಟುಕೊಂಡು ಕುಳಿತೆ. ಕಂಡಿದ್ದರೆ ಬೈಯುತ್ತಿದ್ದಳು.