ನಾನು ಬರೆಯದ ತಾರೀಖು

ಬೋರ್ಡಿನ ಮೇಲೆ ನಾನೇ ಬರೆದ ಸಮೀಕರಣ ಕಣ್ಣೆದುರು ಎರಡಾಯಿತು. ಸೀಮೆಸುಣ್ಣ ಕೈಜಾರಿತು. ನಾನಾಗ ಏಳು ತಿಂಗಳ ಗರ್ಭಿಣಿ. ಕೂರೋಣವೆಂದರೆ ಕುರ್ಚಿಯಿಲ್ಲ; ಟೀಚರ್‌ಗಳು ಕೂತೇ ಪಾಠ ಮಾಡುತ್ತಾರೆಂದು, ಬ್ರಹ್ಮಾವರದ ಹತ್ತಿರದ ಆ ಖಾಸಗಿ ಶಾಲೆಯ ಆಡಳಿತ ಮಂಡಳಿ ತರಗತಿಗಳಿಂದ ಕುರ್ಚಿಗಳನ್ನೇ ತೆಗೆಸಿತ್ತು.

ಸಂಜೆ ಸಾಸ್ತಾನದ ತವರಿನಲ್ಲಿ ಅಮ್ಮ ನನ್ನ ಪಾದ ನೋಡಿದಳು.

"ಎಂತ ಹೆಣ್ಣೇ ಇದ್, ಕಾಲ್ ಈ ನಮನಿ ಬಾತ್ಕಂಡಿತ್? ಆ ಶಾಲಿಯವ್ರಿಗೆ ನಿನ್ ಬಿಟ್ರೆ ಲೆಕ್ಕ ಹೇಳ್ಕೊಡುಕೆ ಜನ ಇಲ್ಯಾ?"

ಅಂದೇ ಅವಳು ಕರೆದೊಯ್ದ ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಬಿಪಿಯನ್ನು ಎರಡು ಸಲ ನೋಡಿದರು. ಮೂತ್ರದಲ್ಲಿ ಪ್ರೋಟೀನ್.

"ಪ್ರಿ-ಎಕ್ಲಾಂಪ್ಸಿಯಾ, ಬಸಿರಿನಲ್ಲಿ ಬಿಪಿ ಏರುವ ಕಾಯಿಲೆ. ಈಗಲೇ ಅಡ್ಮಿಟ್ ಆಗಿ. ಫಿಟ್ಸ್ ಬಂದರೆ ಇಬ್ಬರಿಗೂ ಅಪಾಯ."

ಮೂರನೆಯ ದಿನ ಸಿಸೇರಿಯನ್. ಮಗಳು ಒಂದೂವರೆ ಕಿಲೋ; ನೇರ ಎಳೆಗೂಸುಗಳ ನಿಗಾ ಘಟಕಕ್ಕೆ, ಎನ್‌ಐಸಿಯುಗೆ. ಹೊಲಿಗೆ ಎಳೆಯುತ್ತಿದ್ದರೂ ಗಾಜಿನಾಚೆ ಅವಳ ಎದೆ ಏರಿಳಿಯುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಹಾಗೆ ನಿಂತಿದ್ದಾಗಲೇ ಗಂಡ, ಮನೆಗೆ ಬಂದ ರಿಜಿಸ್ಟರ್ಡ್ ಪತ್ರವೊಂದನ್ನು ತಂದರು.

ನನ್ನ ರಾಜೀನಾಮೆಯನ್ನು ಶಾಲೆ ಅಂಗೀಕರಿಸಿತ್ತು.

ನಾನು ರಾಜೀನಾಮೆ ಕೊಟ್ಟಿರಲಿಲ್ಲ. ಆದರೆ ಬರೆದಿದ್ದೆ. ಕೆಲಸಕ್ಕೆ ಸೇರುವ ದಿನವೇ ಎಲ್ಲರಿಂದ ತಾರೀಖಿಲ್ಲದ ರಾಜೀನಾಮೆ ಬರೆಸಿಕೊಳ್ಳುವುದು ಅಲ್ಲಿನ ಪದ್ಧತಿ. ಎಂ.ಎಸ್ಸಿ. ಓದಿದ ನಾನೂ "ಬರೀ ಫಾರ್ಮಾಲಿಟಿ" ಎಂಬ ಮಾತು ನಂಬಿ ಸಹಿ ಹಾಕಿದ್ದೆ. ಆ ಮೂರ್ಖತನ ನನ್ನದು. ರಜೆ ಕೊಡಬೇಕಾಗುತ್ತದೆಂದು ಆ ಪತ್ರಕ್ಕೆ ತಾರೀಖು ಹಾಕಿ ಬಾಣಂತಿಯ ಮೇಲೆ ಪ್ರಯೋಗಿಸಿದ ಕ್ರೌರ್ಯ ಅವರದು. ಹೆರಿಗೆ ರಜೆ ಕಾನೂನು ಕೊಟ್ಟ ಹಕ್ಕು, ಯಾವ ಆಡಳಿತ ಮಂಡಳಿಯ ಔದಾರ್ಯವೂ ಅಲ್ಲ.

ನಾನು ಶಿಕ್ಷಕರ ಮೇಲ್ಮನವಿ ಕೇಳುವ ನ್ಯಾಯಮಂಡಳಿಗೆ ಹೋದೆ. ನಾನೇ ಬಂದು ಪತ್ರ ಕೈಗಿತ್ತೆನೆಂದು ಮುಖ್ಯೋಪಾಧ್ಯಾಯರು ಪ್ರಮಾಣ ಮಾಡಿದರು. ಶಾಲೆಯ ವಕೀಲರು ನನ್ನನ್ನು ಕೇಳಿದರು:

"ಸಹಿ ನಿಮ್ಮದೇ ತಾನೆ?"

"ಸಹಿ ನನ್ನದು. ತಾರೀಖು ನನ್ನದಲ್ಲ. ಆ ದಿನ ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ."

ಡಿಸ್ಚಾರ್ಜ್ ಸಮ್ಮರಿ ಮುಂದಿಟ್ಟೆ.

ಮರಳಿ ಕೆಲಸ ಕೊಡಬೇಕೆಂದು ಆದೇಶ ಬಂತು. ಶಾಲೆಯವರು ಹೈಕೋರ್ಟಿಗೆ ಹೋದರು. ನಾನಿನ್ನೂ ಹೊರಗೇ ಇದ್ದೇನೆ. ಬಿಪಿಯೂ ಪೂರ್ತಿ ಇಳಿದಿಲ್ಲ.

"ರಾಜಿ ಮಾಡ್ಕೊ ಮಾರಾಯ್ತಿ. ಎರಡು ಜೀವ ಉಳ್ದದ್ದೇ ದೊಡ್ಡದ್," ಅಂದಳು ಅಮ್ಮ.

ಉಳಿಸಿದ ಡಾಕ್ಟರಿಗೆ, ಮಗಳಿಗೆ ಹನಿಹನಿಯಾಗಿ ಹಾಲೂಡಿಸಿದ ನರ್ಸ್‌ಗಳಿಗೆ ನಾನು ಋಣಿ. ಆದರೆ ನಾವು ಸಾಯದೆ ಉಳಿದೆವೆಂಬುದು ಶಾಲೆಯನ್ನು ಕ್ಷಮಿಸಲು ಕಾರಣವಾಗಲಾರದು. ಅಮ್ಮನಿಗೆ ಅಷ್ಟನ್ನೇ ಹೇಳಿದೆ. ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ನಿನ್ನೆ ನಾನು ನನ್ನ ವಕೀಲರನ್ನು ಕಾಣಲು ಹೊರಟಾಗ, ಅಮ್ಮ ನನ್ನ ಮಗಳನ್ನು ಸೊಂಟಕ್ಕೇರಿಸಿಕೊಂಡು ಗೇಟಿನವರೆಗೆ ಬಂದಳು.

"ಮಾತ್ರೆ ತಕಂಡ್ಯಾ? ಹಾಂಗಾರೆ ಹೋಯ್ ಬಾ, ಬಸ್ ಬಪ್ಪು ಹೊತ್ತಾಯ್ತ್. ಇವ್ಳನ್ನ್ ನಾ ಕಂಡ್ಕಂತೆ."